‘ಸೈರಾಟ್’ ಓಡಿಹೋದಲ್ಲಿಗೆ ಮುಗಿಯಬೇಕಿತ್ತಾ?

ಪ್ರಶ್ನೆ: ಅಕ್ಕಾವ್ರೇ, ಮೊನ್ನೆ ಮನೆಯಲ್ಲಿ ಮರಾಠಿಯ ‘ಸೈರಾಟ್’ ನೋಡಿದೆವು. ಆರ್ಚಿ ಸಿರಿವಂತ ರಾಜಕಾರಣಿಯ ಮಗಳು, ಪರ್ಶ್ಯಾ ಮೀನು ಹಿಡಿಯುವವರ ಮನೆಯ ಹುಡುಗ. ಊರಲ್ಲಿ ನಡೆಯೋದು, ಹಾಡು ಎಲ್ಲಾ ಚೆಂದ. ಓಡಿಹೋದ ಮೇಲೆ ಎಳೆದರು ಅನ್ನಿಸಿತು. ಕೊನೆಗೆ ಇಬ್ಬರನ್ನೂ ಕೊಲ್ಲಬೇಕಿತ್ತಾ? ‘ಸುಮ್ನೆ ಅಳಿಸೋಕೆ ಮಾಡಿದ್ದು’ ಅಂತಾರೆ ನಮ್ಮ ಮನೆಯವರು. ಕನ್ನಡದಲ್ಲೂ ಇದೆಯಂತೆ, ಅದು ಹೇಗಿದೆ?
– ಓದುಗಿ, ಬೆಟಗೇರಿ

ಉತ್ತರ: ತಂಗಿ, ನಿಮಗೆ ಎಳೆದಂತೆ ಕಂಡ ಭಾಗವೇ ನನಗೆ ಬಹಳ ಹಿಡಿಸಿದ್ದು. ಬಡವ-ಶ್ರೀಮಂತರ ಪ್ರೇಮಕಥೆಗಳಲ್ಲಿ ಹುಡುಗಿಯ ಅಪ್ಪ ಒಪ್ಪಿದರೆ ಸಿನಿಮಾ ಮುಗೀತು. ನಾಗರಾಜ ಮಂಜುಳೆ 2016ರ ಈ ಚಿತ್ರವನ್ನು ಅಲ್ಲಿಗೆ ಬಿಡಲಿಲ್ಲ. ಬುಲೆಟ್ಟು, ಟ್ರ್ಯಾಕ್ಟರು ಓಡಿಸಿಕೊಂಡಿದ್ದ ಹುಡುಗಿಯನ್ನು ಹೈದರಾಬಾದಿನ ಕೊಳೆಗೇರಿಗೆ ತಂದರು. ಬಡತನ ಪರ್ಶ್ಯಾನಿಗೆ ಗೊತ್ತು. ಆರ್ಚಿ ಕಲಿಯಬೇಕು. ಮನೆ ನೆನೆದು ಅಳುತ್ತಾಳೆ, ಆಮೇಲೆ ಕಾರ್ಖಾನೆ ಕೆಲಸಕ್ಕೆ ಹೋಗುತ್ತಾಳೆ. ಅವನು ಅನುಮಾನಪಟ್ಟು ಅವಳ ಮೇಲೆ ಕೈ ಮಾಡುತ್ತಾನೆ. ಬಡವ ಅಂತ ಅವನನ್ನು ದೇವರು ಮಾಡಿಲ್ಲ, ನೋಡಿ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆ ವಿದ್ಯಾನಗರದ ಬಂಗಲೆಯ ಹುಡುಗಿಯೊಬ್ಬಳು ಸೊಸೆಯಾಗಿ ಬಂದಳು. ಗಂಡನಿಗೆ ಗ್ಯಾರೇಜಿನಲ್ಲಿ ಕೆಲಸ. ತವರಲ್ಲಿ ದೊಡ್ಡ ಟಾಕಿ, ತಿರುಗಿಸಿದರೆ ನೀರು. ಇಲ್ಲಿ ನಳ ಬರೋದು ವಾರಕ್ಕೊಮ್ಮೆ, ಅದೂ ಅಪರಾತ್ರಿ. ಎದ್ದು ಕೊಡ, ಬಕೆಟ್ಟು, ಪಾತ್ರೆ ಎಲ್ಲಾ ತುಂಬಿಡಬೇಕು. ಒಮ್ಮೆ ತಲೆಗೆ ಎರೆದುಕೊಂಡು ಎರಡು ದಿನದ ನೀರು ಖಾಲಿ ಮಾಡಿದಳು ಅಂತ ಅತ್ತೆ ಮಾತು ಬಿಟ್ಟರು. ಗಂಡ-ಹೆಂಡತಿ ನಡುವೆ ಪ್ರೀತಿಯೇನೂ ಕಡಿಮೆ ಇರಲಿಲ್ಲ. ನೀರಿನ ಲೆಕ್ಕ ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ. ಮದುವೆಯಾದ ಮೇಲಿನ ಇಂಥ ದಿನಗಳನ್ನು ಪುರುಸೊತ್ತಾಗಿ ತೋರಿಸಿದ ಸಿನಿಮಾ ಎಷ್ಟಿವೆ ಹೇಳಿ?

ಇನ್ನು ಕೊನೆ. ಅಷ್ಟೊತ್ತಿಗೆ ಅವರಿಗೊಂದು ಮಗು, ಒಂದು ಸ್ಕೂಟರು, ಸ್ವಂತ ಮನೆಯ ಆಸೆ. ಬಡತನ ಹೆಚ್ಚುಕಡಿಮೆ ದಾಟಿಯಾಗಿದೆ. ಆದರೂ ತವರಿನ ಉಡುಗೊರೆ ಹಿಡಿದು ಬಂದ ಅಣ್ಣನ ಕಡೆಯವರು, ಅವಳ ಕೈಯ ಚಹಾ ಕುಡಿದು, ಕೊಂದು ಹೋಗುತ್ತಾರೆ. ಯಾಕೆ? ಇಬ್ಬರದೂ ಬೇರೆ ಬೇರೆ ಜಾತಿ. ದುಡ್ಡಿನ ಅಂತರ ದುಡಿದರೆ ತುಂಬುತ್ತದೆ, ಜಾತಿ ಹಾಗಲ್ಲ ಅಲ್ವಾ. ಸುಮ್ನೆ ಅಳಿಸೋಕೆ ಅನ್ನುವ ನಿಮ್ಮ ಮನೆಯವರಿಗೆ ನಿಮ್ಮದೇ ಗದಗ ಜಿಲ್ಲೆಯ ಲಕ್ಕಲಕಟ್ಟಿಯನ್ನು ನೆನಪಿಸಿ. ಬೇರೆ ಜಾತಿಯಲ್ಲಿ ಮದುವೆಯಾಗಿ ಹೊರಗೆ ದುಡಿದುಕೊಂಡಿದ್ದ ಗಂಡ-ಹೆಂಡತಿ 2019ರಲ್ಲಿ ಊರಿಗೆ ಬಂದರು. ಮದುವೆಯಾಗಿ ವರ್ಷಗಳೇ ಕಳೆದಿದ್ದವು. ಆದರೂ ಹೆಣ್ಣಿನ ಕಡೆಯವರು ಇಬ್ಬರನ್ನೂ ಕೊಂದರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಮಂಜುಳೆ ಸುಖಾಂತ್ಯ ಮಾಡಿದ್ದರೆ ಅದು ಸುಳ್ಳಾಗುತ್ತಿತ್ತು.

ಕನ್ನಡದ್ದು ‘ಮನಸು ಮಲ್ಲಿಗೆ’. ಎಸ್. ನಾರಾಯಣ್ 2017ರಲ್ಲಿ ಮಾಡಿದರು. ನಾಯಕಿ ಇಲ್ಲೂ ರಿಂಕು ರಾಜಗುರು ಅವರೇ. ನೋಡಿ. ಅದಕ್ಕೂ ಮೊದಲು ಮರಾಠಿಯದನ್ನೇ ಹೈದರಾಬಾದಿನಿಂದ ಮುಂದಕ್ಕೆ ಇನ್ನೊಮ್ಮೆ ಹಾಕಿ, ನಿಮ್ಮ ಮನೆಯವರನ್ನೂ ಕೂರಿಸಿಕೊಳ್ಳಿ.