ಪಡುಬಿದ್ರಿಯ 'ಪಡು' ಅಂದ್ರೆ ಏನು?

ನೀವು ಕೇಳಿದ್ರಲ್ಲ, ಪಡುಬಿದ್ರಿಯ ಪಡುಗೂ ಕಷ್ಟಪಡು ಅನ್ನೋದ್ರಲ್ಲಿರೋ ಪಡುಗೂ ಸಂಬಂಧ ಇದ್ಯಾ ಅಂತ, ಇಲ್ಲಿ ಅರ್ಥ ಬೇರೆ ಸರ್, ಪಡು ಅಂದ್ರೆ ಪಶ್ಚಿಮ. ಹಳಗನ್ನಡದಲ್ಲಿ ಸೂರ್ಯ ಮುಳುಗೋದಕ್ಕೆ ಪಡು ಅಂತಿದ್ರು, ಹಾಗಾಗಿ ಮುಳುಗೋ ಕಡೆ ಪಡುವಣ, ಮೂಡೋ ಕಡೆ ಮೂಡಣ, ಅಷ್ಟೇ. ಮೂಡುಬಿದಿರೆ ಪಡುಬಿದ್ರಿ ಎರಡೂ ಹೆಸರು ಪಕ್ಕಪಕ್ಕ ಇಟ್ಟು ನೋಡಿ, ಬಿದಿರು ಅದೇ, ದಿಕ್ಕು ಮಾತ್ರ ಬೇರೆ, ಒಂದು ಒಳನಾಡಲ್ಲಿದೆ ಇನ್ನೊಂದು ಕಡಲ ದಂಡೆಲಿ. ನಂಗೆ ಭಾರಿ ಇಷ್ಟ ಆಗಿದ್ದು ಮಲಯಾಳದ ಪಡಿಞ್ಞಾರ್, ಅದೂ ಪಶ್ಚಿಮನೇ, ಬಿಡಿಸಿದ್ರೆ ಪಡು ಮತ್ತೆ ಞಾಯಿರು, ಅಂದ್ರೆ ಮುಳುಗೋ ಸೂರ್ಯ. ಆ ಞಾಯಿರು ನಮ್ಮ ನೇಸರಿನ ನೆಂಟನೇ! ಸಂಸ್ಕೃತದ ಪಶ್ಚಿಮಕ್ಕೆ ಸೂರ್ಯ ಬೇಕಿಲ್ಲ, ಪೂರ್ವಕ್ಕೆ ಮುಖ ಮಾಡಿ ನಿಂತ್ರೆ ಬೆನ್ನ ಹಿಂದಿರೋದು ಪಶ್ಚಿಮ, ಬಲಗೈ ಕಡೆ ದಕ್ಷಿಣ.