ದುಬೈಗೆ ಹೋದ ಬೇರಿಂಗ್ ಆಮೇಲೆ ಎಲ್ಲಿಗೆ ಹೋಯಿತು?

ಪೀಣ್ಯದಿಂದ ಓದುಗರೊಬ್ಬರು ಕೋಪದಲ್ಲೇ ಬರೆದಿದ್ದಾರೆ. ಹದಿನಾಲ್ಕು ಜನ ಕೆಲಸ ಮಾಡುವ ಶೆಡ್ಡು, ಬಾಲ್ ಬೇರಿಂಗ್ ಮಾಡುತ್ತಾರೆ. ದುಬೈನ ಹೊಸ ಪಾರ್ಟಿಗೆ ಮೂರು ಸಲ ಮಾಲು ಕಳಿಸಿದ್ದಾರೆ. ಎರಡು ಸಲ ದುಡ್ಡು ಬಂತು. ಮೂರನೇ ಸಲ ಬ್ಯಾಂಕಿನವರು ತಡೆದು, 'ಮಾಲು ಕೊನೆಗೆ ಯಾರ ಕೈ ಸೇರುತ್ತೆ ಅಂತ ಬರೆದು ಕೊಡಿ' ಅಂದರಂತೆ. ಅದೇ ವಾರ ಜರ್ಮನಿಯಿಂದ ತರಿಸಬೇಕಿದ್ದ, ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಸಿಎನ್‌ಸಿ ಮಷೀನಿನ ಕರಾರಿನಲ್ಲಿ 'ಇದನ್ನು ರಷ್ಯಾಕ್ಕೆ ಮಾರುವುದಿಲ್ಲ' ಎಂಬ ಸಾಲಿಗೆ ಸೈನ್ ಕೇಳಿದ್ದಾರೆ. 'ನಾವೇನು ಬಾಂಬ್ ಮಾಡ್ತೀವಾ ಸಾರ್? ಅಮೆರಿಕದ ಕಾನೂನು ಪೀಣ್ಯಕ್ಕೆ ಯಾಕೆ?' ಅನ್ನೋದು ಅವರ ಪ್ರಶ್ನೆ.

ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ, ಮೊದಲು ಅದನ್ನು ಹೇಳಿಬಿಡುತ್ತೇನೆ. ವಿಶ್ವಸಂಸ್ಥೆ ಹೇರಿದ ನಿರ್ಬಂಧವನ್ನು ಬಿಟ್ಟರೆ, ಒಂದೊಂದು ದೇಶ ತನ್ನಷ್ಟಕ್ಕೆ ಹೇರುವ ನಿರ್ಬಂಧವನ್ನು ನಾವು ಒಪ್ಪುವುದಿಲ್ಲ ಅನ್ನುವುದು ಭಾರತ ಸರ್ಕಾರದ ನಿಲುವು. ದುಬೈ ದಾರಿಯಲ್ಲಿ ರಷ್ಯಾಕ್ಕೆ ಮಾಲು ಮುಟ್ಟಿಸಿ ಅಮೆರಿಕದ ನಿಷೇಧ ಮೀರಿದಿರಿ ಅಂತ ಪೀಣ್ಯ ಪೊಲೀಸರು ನಿಮ್ಮ ಬಾಗಿಲು ತಟ್ಟುವುದಿಲ್ಲ. ಆದರೆ ನಿಮ್ಮ ಬಿಲ್ಲು ಡಾಲರಿನಲ್ಲಿದೆ ಅಲ್ವಾ? ಡಾಲರ್ ದುಬೈನಿಂದ ಬೆಂಗಳೂರಿಗೆ ನೇರವಾಗಿ ಬರುವುದಿಲ್ಲ, ಸಾಮಾನ್ಯವಾಗಿ ನ್ಯೂಯಾರ್ಕಿನ ಯಾವುದೋ ಬ್ಯಾಂಕಿನ ಒಳಹೊಕ್ಕು ಬರುತ್ತೆ. ಅಮೆರಿಕದವರಿಗೆ ಹಿಡಿಯೋಕೆ ಅಷ್ಟು ಸಾಕು. 2023ರ ಡಿಸೆಂಬರಿನಲ್ಲಿ ಅವರ ಅಧ್ಯಕ್ಷರು ಹೊಸ ಆದೇಶ ಹೊರಡಿಸಿದರು: ರಷ್ಯಾದ ಯುದ್ಧದ ಕಾರ್ಖಾನೆಗಳಿಗೆ ನೆರವಾಗುವ ವ್ಯವಹಾರ ಮಾಡಿದ ಬ್ಯಾಂಕು ಯಾವ ದೇಶದ್ದೇ ಆಗಲಿ, ಅದರ ಡಾಲರ್ ದಾರಿಯನ್ನೇ ಮುಚ್ಚಬಹುದು ಅಂತ. ನಿಮ್ಮ ಕೆಲವು ಲಕ್ಷಕ್ಕೋಸ್ಕರ ಯಾವ ಬ್ಯಾಂಕು ಆ ಅಪಾಯ ಮೈಮೇಲೆ ಎಳೆದುಕೊಳ್ಳುತ್ತೆ ಹೇಳಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನಿ, ಆದರೆ ಬರೆ ಹಾಕುವ ಕೆಲಸ ಈಗ ನಿಮ್ಮ ಬ್ರಾಂಚ್ ಮ್ಯಾನೇಜರ್‌ಗೆ ಬಂದಿದೆ.

ಇನ್ನು ಬಾಂಬಿನ ವಿಷಯ. ಅಮೆರಿಕ, ಯುರೋಪ್ ಒಕ್ಕೂಟ, ಬ್ರಿಟನ್, ಜಪಾನ್ ಸೇರಿ ರಷ್ಯಾದ ಕೈಗೆ ಸಿಗಬಾರದ ಸಾಮಾನುಗಳ ಒಂದು ಪಟ್ಟಿ ಮಾಡಿಕೊಂಡಿವೆ. ಕಸ್ಟಮ್ಸ್‌ನವರು ಸಾಮಾನು ಗುರುತಿಸುವ ಬರೀ 50 ಎಚ್‌ಎಸ್ ಕೋಡ್. ಉಕ್ರೇನಿನಲ್ಲಿ ಬಿದ್ದ ಕ್ಷಿಪಣಿ, ಡ್ರೋನ್‌ಗಳನ್ನು ಬಿಚ್ಚಿ ನೋಡಿ, ಒಳಗೆ ಸಿಕ್ಕಿದ್ದನ್ನೂ ಅವನ್ನು ತಯಾರಿಸೋಕೆ ಬೇಕಾದ್ದನ್ನೂ ಸೇರಿಸಿದ ಪಟ್ಟಿ ಅದು. ಮೊದಲ ಸಾಲಿನಲ್ಲಿ ಚಿಪ್‌ಗಳು. ಕೆಳಗೆ ಬರುತ್ತಾ ಬರುತ್ತಾ ಬಾಲ್ ಬೇರಿಂಗ್ ಇದೆ, ಸಿಎನ್‌ಸಿ ಮಷೀನೂ ಇದೆ. ಅಂದರೆ ನೀವು ಕಳಿಸಿದ್ದು, ತರಿಸುತ್ತಿರುವುದು, ಎರಡೂ! ನಿಮ್ಮ ಬೇರಿಂಗ್ ಲಾರಿಗೆ ಹಾಕಿದರೂ ತಿರುಗುತ್ತೆ, ಟ್ಯಾಂಕಿಗೆ ಹಾಕಿದರೂ ತಿರುಗುತ್ತೆ. ಬ್ಯಾಂಕಿನ ಕಂಪ್ಯೂಟರಿಗೆ ಕಾಣುವುದು ಕೋಡು, ನಿಮ್ಮ ಮುಖ ಅಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕ ಒಂದೇ ದಿನ ಸುಮಾರು 400 ಹೆಸರುಗಳನ್ನು ನಿರ್ಬಂಧಕ್ಕೆ ಸೇರಿಸಿದಾಗ ಅದರಲ್ಲಿ 19 ಭಾರತದ ಕಂಪನಿಗಳಿದ್ದವು. ನಮ್ಮ ಕಾನೂನನ್ನು ಅವು ಮುರಿದಿಲ್ಲ ಅಂತ ನಮ್ಮ ವಿದೇಶಾಂಗ ಇಲಾಖೆ ಹೇಳಿತು. ಹೇಳಿದ ಮಾತ್ರಕ್ಕೆ ಹೆಸರು ಪಟ್ಟಿಯಿಂದ ಹೋಗಲಿಲ್ಲ.

ಹತ್ತು ವರ್ಷದ ಹಿಂದೆ ಈ ತಲೆನೋವು ದೊಡ್ಡ ಬ್ಯಾಂಕುಗಳದ್ದಾಗಿತ್ತು. 2014ರಲ್ಲಿ ಬಿಎನ್‌ಪಿ ಪರಿಬಾಸ್ ಎಂಬ ಫ್ರಾನ್ಸಿನ ಬ್ಯಾಂಕು ಅಮೆರಿಕದ ನಿರ್ಬಂಧ ಮೀರಿದ್ದಕ್ಕೆ ಸುಮಾರು 890 ಕೋಟಿ ಡಾಲರ್ ದಂಡ ಕಟ್ಟಿತು. ಈಗ ಸಾಮಾನು ಮಾಡುವವರ ಸರದಿ. ಅಮೆರಿಕದ ಪಟ್ಟಿಯಲ್ಲಿದ್ದ ಚೀನಾದ ಹುವಾವೆಗೆ ಹಾರ್ಡ್ ಡಿಸ್ಕ್ ಮಾರಿದ್ದಕ್ಕೆ 2023ರಲ್ಲಿ ಸೀಗೇಟ್‌ಗೆ 30 ಕೋಟಿ ಡಾಲರ್ ದಂಡ ಬಿತ್ತು. ಸಿಎನ್‌ಸಿ ಮಷೀನ್ ಮಾಡುವ ಹಾಸ್ ಕಂಪನಿ 2025ರ ಜನವರಿಯಲ್ಲಿ ಸುಮಾರು 25 ಲಕ್ಷ ಡಾಲರ್ ಕಟ್ಟಿತು, ಅದು ಬಹುಪಾಲು ನಿರ್ಬಂಧವಿದ್ದವರ ಕೈಗೆ ಹೋದ ಬಿಡಿಭಾಗಗಳ ವಿಷಯಕ್ಕೆ.

ಆದರೆ ನಮ್ಮ ಊರಿನವರು ಸರಿಯಾಗಿ ಓದಬೇಕಾದ ಕೇಸು ಕೇಡೆನ್ಸ್‌ದು. ಚಿಪ್ ಡಿಸೈನ್ ಸಾಫ್ಟ್‌ವೇರಿನ ಕಂಪನಿ. ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳಲ್ಲಿ ಅದರ ಟೂಲ್ ಬಳಸುವವರು ಎಷ್ಟು ಜನ ಬೇಕು! ಚೀನಾದ ಸೇನೆಯ ಒಂದು ವಿಶ್ವವಿದ್ಯಾಲಯವನ್ನು ಅನುಮತಿಯಿಲ್ಲದೆ ಸಾಮಾನು ಮಾರಬಾರದವರ ಪಟ್ಟಿಗೆ ಅಮೆರಿಕ 2015ರಲ್ಲೇ ಹಾಕಿತ್ತು. ಆಮೇಲೆ ಬೇರೊಂದು ಹೆಸರಿನಲ್ಲಿ ಆರ್ಡರ್ ಬರತೊಡಗಿತು. ಹೆಸರು ಬೇರೆ, ಆಸಾಮಿ ಅವನೇ ಅನ್ನುವುದು ಕೇಡೆನ್ಸ್‌ನ ಚೀನಾ ಕಚೇರಿಯ ಕೆಲವರಿಗೆ ಗೊತ್ತಿತ್ತು. ಗೊತ್ತಿದ್ದೂ ಮಾರಿದರು. 2025ರ ಜುಲೈನಲ್ಲಿ ಕಂಪನಿ ತಪ್ಪೊಪ್ಪಿಕೊಂಡು 14 ಕೋಟಿ ಡಾಲರಿಗೂ ಜಾಸ್ತಿ ಕಟ್ಟಲು ಒಪ್ಪಿತು. ಇಲ್ಲಿ ಅಪರಾಧ ಸಾಫ್ಟ್‌ವೇರ್ ಅಲ್ಲ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದದ್ದು. ಇತ್ತೀಚಿನ ಕೇಸುಗಳಲ್ಲಿ ತನಿಖೆಯವರು ಹುಡುಕುವುದು ಇದನ್ನೇ, 'ನಿಮಗೆ ಅನುಮಾನ ಬರಬೇಕಿತ್ತು, ಯಾಕೆ ಕೇಳಲಿಲ್ಲ?' ಅಂತ. ನಿರ್ಬಂಧ ಮೀರಿದ ಕೇಸುಗಳಲ್ಲಿ ಹಳೆಯದನ್ನು ಕೆದಕಲು ಅವರಿಗೆ ಮೊದಲು 5 ವರ್ಷ ಇತ್ತು, 2024ರ ಏಪ್ರಿಲ್‌ನಿಂದ ಅದು 10 ವರ್ಷ. ನಿಮ್ಮ ಹಳೆ ಇನ್‌ವಾಯ್ಸು, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ.

ದೊಡ್ಡವರಾದರೆ ತಪ್ಪಿಸಿಕೊಳ್ಳುತ್ತಾರೆ ಅಂತ ಬರೆದಿದ್ದೀರಿ. ಅದೂ ಪೂರ್ತಿ ನಿಜವಲ್ಲ. 2025ರ ಜುಲೈನಲ್ಲಿ ಯುರೋಪ್ ಒಕ್ಕೂಟ ರಷ್ಯಾದ ಕಂಪನಿಯ ಪಾಲಿರುವ ಗುಜರಾತಿನ ನಯಾರಾ ರಿಫೈನರಿಯ ಮೇಲೆ ನಿರ್ಬಂಧ ಹಾಕಿದ ಮೇಲೆ ಮೈಕ್ರೋಸಾಫ್ಟ್ ಅವರ ಸೇವೆಗಳನ್ನೇ ನಿಲ್ಲಿಸಿಬಿಟ್ಟಿತು. ಅಷ್ಟು ದೊಡ್ಡ ಕಂಪನಿ ತನ್ನ ಇಮೇಲ್‌ಗಾಗಿ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಸೇವೆ ವಾಪಸ್ ಬಂತು, ನಿಜ.

ಬೆಂಗಳೂರಿಗೆ ಇದು ಹೊಸದೇನಲ್ಲ ನೋಡಿ. ಮೊದಲು ನಾವು ಆ ಕಡೆ ನಿಂತಿದ್ದೆವು, ಅಷ್ಟೇ. ರಾಕೆಟಿಗೆ ಬೇಕಾದ ಕ್ರಯೋಜೆನಿಕ್ ಎಂಜಿನ್ ವಿಷಯಕ್ಕೆ 1992ರಲ್ಲಿ ಇಸ್ರೋ ಮೇಲೆ ಅಮೆರಿಕದ ಎರಡು ವರ್ಷದ ನಿರ್ಬಂಧ ಬಿತ್ತು. 1998ರ ಪೋಖ್ರಾಣ್ ಪರೀಕ್ಷೆಯ ನಂತರ ಇಸ್ರೋ, ಡಿಆರ್‌ಡಿಒ, ಎಚ್‌ಎಎಲ್ ಘಟಕಗಳೆಲ್ಲ ಅಮೆರಿಕದ ಪಟ್ಟಿಯಲ್ಲಿದ್ದವು. ಇಸ್ರೋ ಪೂರ್ತಿಯಾಗಿ ಹೊರಬಂದದ್ದು 2011ರಲ್ಲಿ. ಒಂದು ಸಣ್ಣ ಬಿಡಿಭಾಗಕ್ಕೆ ಕಾದು ಕೂತವರು ನಮ್ಮ ಮಲ್ಲೇಶ್ವರದಲ್ಲೋ ವಿಮಾನಪುರದಲ್ಲೋ ಈಗಲೂ ಸಿಗುತ್ತಾರೆ. ಆಗ ನಮ್ಮನ್ನು ಕೇಳುತ್ತಿದ್ದರು, 'ಕೊನೆಗೆ ಯಾರು ಬಳಸುತ್ತಾರೆ?' ಅಂತ. ಈಗ ಅದೇ ಪ್ರಶ್ನೆಯನ್ನು ನಾವು ದುಬೈನವರಿಗೆ ಕೇಳಬೇಕಾಗಿದೆ. ನನಗೆ ಇದು ಸ್ವಲ್ಪ ತಮಾಷೆ ಅನ್ನಿಸುತ್ತೆ, ನಿಮಗೆ ಅನ್ನಿಸದಿದ್ದರೆ ಕ್ಷಮಿಸಿ.

ಇದನ್ನೆಲ್ಲ ಬರೀ ಬಿಳಿಯರ ದಾದಾಗಿರಿ ಅಂತ ತಳ್ಳಿಹಾಕುವ ಹಾಗೂ ಇಲ್ಲ. ಪರವಾನಗಿ ಇಲ್ಲದೆ ಹೊರದೇಶಕ್ಕೆ ಕಳಿಸಬಾರದ ಸಾಮಾನುಗಳ ನಮ್ಮದೇ ಸ್ಕೋಮೆಟ್ ಪಟ್ಟಿ ಇದೆ, ನೋಡಿಕೊಳ್ಳುವುದು ಕೇಂದ್ರದ ವಿದೇಶ ವ್ಯಾಪಾರ ಕಚೇರಿ ಡಿಜಿಎಫ್‌ಟಿ. ಮಾಮೂಲಿ ಬೇರಿಂಗ್‌ಗೆ ಅದರ ಭಯ ಬೇಡ, ತುಂಬಾ ನಿಖರತೆಯವು ಇದ್ದರೆ ನಿಮ್ಮ ಕಸ್ಟಮ್ಸ್ ಏಜೆಂಟ್ ಮಾತು ನಂಬಿ ಬಿಟ್ಟುಬಿಡದೆ ಪಟ್ಟಿಯನ್ನು ನೀವೇ ಓದಿ. ಅದನ್ನು ಮೀರಿದರೆ ನಮ್ಮ ಕೋರ್ಟೇ, ನಮ್ಮ ಜೈಲೇ.

ಈಗ ನಿಮ್ಮ ಎರಡು ಕಾಗದ. ಜರ್ಮನಿಯವರ ಸಾಲಿಗೆ ಸೈನ್ ಮಾಡಿ. ಅದು ನಿಮ್ಮ ಮೇಲಿನ ಅನುಮಾನ ಅಲ್ಲ, 2024ರ ಮಾರ್ಚ್‌ನಿಂದ ರಷ್ಯಾಕ್ಕೆ ಸಿಗಬಾರದ ಹಲವು ಸಾಮಾನುಗಳ ಕರಾರಿನಲ್ಲಿ ಆ ಸಾಲು ಹಾಕಲೇಬೇಕು ಅಂತ ಯುರೋಪ್ ಒಕ್ಕೂಟದ ಕಾನೂನು ಹೇಳುತ್ತೆ. ಜಪಾನ್, ಬ್ರಿಟನ್‌ನಂಥ ದೇಶಗಳಿಗೆ ವಿನಾಯಿತಿ ಇದೆ, ನಮಗಿಲ್ಲ, ಅದಕ್ಕೆ ಬೇಕಾದರೆ ಬೈದುಕೊಳ್ಳಿ. ಮುಂದೆ ಆ ಮಷೀನನ್ನು ಸೆಕೆಂಡ್ ಹ್ಯಾಂಡ್ ಮಾರುವಾಗ ಆ ಸಾಲನ್ನು ಮರೆಯಬೇಡಿ.

ದುಬೈ ಕಾಗದ ಹಾಗಲ್ಲ. ಪಾರ್ಟಿ ಶುರುವಾದದ್ದು ಉಕ್ರೇನ್ ಯುದ್ಧ ಹೊತ್ತಿದ 2022ರ ಫೆಬ್ರವರಿಗೆ ಮುಂಚೆಯೋ ಆಮೇಲೋ? ದುಡ್ಡು ಅವರದೇ ಖಾತೆಯಿಂದ ಬಂತೋ, ಕೇಳದ ಯಾವುದೋ ಮೂರನೇ ಹೆಸರಿನಿಂದಲೋ? ಯಾವ ಮಷೀನಿಗೆ ಹಾಕುತ್ತೀರಿ ಅಂದರೆ ಮಾತು ತೇಲಿಸುತ್ತಾರಾ? ವಾರಂಟಿ ಬಗ್ಗೆ ಒಂದು ಮಾತೂ ಕೇಳದೆ 'ಬೇಗ ಕಳಿಸಿ' ಅಂತಾರಾ? ಇವನ್ನು ಇಮೇಲಿನಲ್ಲೇ ಕೇಳಿ, ಫೋನಿನಲ್ಲಿ ಬೇಡ. ಬಂದ ಉತ್ತರವನ್ನು 'ಪಾರ್ಟಿ ನಮಗೆ ಹೀಗೆ ತಿಳಿಸಿದ್ದಾರೆ' ಅಂತ ಬರೆದು ಬ್ಯಾಂಕಿಗೆ ಕೊಡಿ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಮಾತ್ರ ಬರೆಯಬೇಡಿ. ಸುಮ್ನೆ ಒಂದು ಸೈನ್ ಅಲ್ವಾ ಅಂತ ನಿಮ್ಮ ಆಡಿಟರ್ ಹೇಳಿದರೂ ಬೇಡ. ನಾಲ್ಕನೇ ಆರ್ಡರ್ ಪ್ಯಾಕ್ ಆಗಿ ಕೂತಿದೆ ಅಂದಿರಲ್ಲ, ಉತ್ತರ ಬರುವ ತನಕ ಅದು ಶೆಡ್ಡಿನಲ್ಲೇ ಇರಲಿ.