ಪವಿತ್ರ ಗುರುವಾರದ ಪೂಜೆಗೆ ಧಾರಾಳವಾಗಿ ಹೋಗಿ

ದಾವಣಗೆರೆಯಲ್ಲಿ ಪಕ್ಕದ ಮನೆಯ ಕ್ಯಾಥೊಲಿಕ್ ಕುಟುಂಬ ಪವಿತ್ರ ಗುರುವಾರದ ಪೂಜೆಗೆ ಕರೆದಿದೆ, ನಾವು ಹಿಂದೂಗಳು ಹೋಗಬಹುದಾ, ಸ್ವೀಟ್ ಒಯ್ಯಬೇಕಾ ಅಂತ ಕೇಳಿದ್ದೀರಿ.

ಖಂಡಿತ ಹೋಗಿ. ಹರಿಹರದ ಆರೋಗ್ಯಮಾತೆ ಬಸಿಲಿಕಕ್ಕೆ ಎಲ್ಲ ಧರ್ಮದವರೂ ಹೋಗ್ತಾರಲ್ವಾ, ಇಲ್ಲೂ ಯಾರೂ ತಡೆಯುವುದಿಲ್ಲ.

ಯೇಸು ಶಿಷ್ಯರ ಜೊತೆ ಕಡೆಯ ಊಟ ಮಾಡಿದ ರಾತ್ರಿಯ ನೆನಪಿದು. ಹಾಗಾಗಿ ಪೂಜೆ ಸಂಜೆಯೇ ಇರುತ್ತದೆ. ಪ್ರವಚನ ಮುಗಿದ ಮೇಲೆ ಸಾಮಾನ್ಯವಾಗಿ ಹನ್ನೆರಡು ಜನ ಮುಂದೆ ಕೂರುತ್ತಾರೆ. ಫಾದರ್ ಮೇಲಿನ ನಿಲುವಂಗಿ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ಒಬ್ಬೊಬ್ಬರ ಮುಂದೆಯೂ ಮಂಡಿಯೂರಿ ಪಾದ ತೊಳೆದು ಒರೆಸುತ್ತಾರೆ. ಮೊದಲು ಗಂಡಸರಿಗಷ್ಟೇ ಇತ್ತು. 2016ರಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿ ಹೆಂಗಸರಿಗೂ ಅವಕಾಶ ಕೊಟ್ಟರು. ನನಗಂತೂ ಈಸ್ಟರ್‌ಗೆ ಮುಂಚಿನ ಈ ಇಡೀ ಪವಿತ್ರ ವಾರದಲ್ಲಿ ಇದೇ ಜಾಸ್ತಿ ಮನಸ್ಸಿಗೆ ತಟ್ಟುವುದು. ಮಕ್ಕಳಿದ್ದರೆ ಕಾಣುವ ಹಾಗೆ ಮುಂದೆ ಕೂರಿಸಿ.

ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ ಪಡೆಯಲು, ಸಾಲು ಹೊರಟಾಗ ನೀವು ಕೂತಲ್ಲೇ ಕೂತಿರಿ. ಅದು ದೀಕ್ಷಾಸ್ನಾನ ಪಡೆದ ಕ್ಯಾಥೊಲಿಕರಿಗೆ ಮಾತ್ರ, ಯಾರೂ ತಪ್ಪು ತಿಳಿಯುವುದಿಲ್ಲ. ಕೊನೆಗೆ ಪ್ರಸಾದವನ್ನು ಮೆರವಣಿಗೆಯಲ್ಲಿ ಬೇರೆ ಪೀಠಕ್ಕೆ ಒಯ್ದು, ಬಲಿಪೀಠದ ಬಟ್ಟೆಯನ್ನೂ ತೆಗೆದುಬಿಡುತ್ತಾರೆ. ಆಮೇಲೆ ಜನ ಅಲ್ಲೇ ಮೌನವಾಗಿ ಪ್ರಾರ್ಥಿಸುತ್ತಾ ಕೂರುತ್ತಾರೆ. ಆಗ ಮಾತು ಬೇಡ, ಮೊಬೈಲ್ ಸೈಲೆಂಟ್ ಇರಲಿ.

ಆ ಕುಟುಂಬ ಕೇರಳ ಮೂಲದ್ದಾದರೆ ಮನೆಗೂ ಕರೆಯಬಹುದು. ಹುಳಿ ಬರಿಸದ ಅಪ್ಪವನ್ನು ಮನೆಯ ಹಿರಿಯರು ಮುರಿದು, ಬೆಲ್ಲ-ತೆಂಗಿನಹಾಲಿನ ಪಾನಕದ ಜೊತೆ ಹಂಚುತ್ತಾರೆ.

ಸ್ವೀಟ್ ಈಗ ಬೇಡ. ಮರುದಿನ ಶುಭ ಶುಕ್ರವಾರ, ಉಪವಾಸ. ಭಾನುವಾರ ಈಸ್ಟರ್‌ಗೆ ಒಯ್ದು ಶುಭಾಶಯ ಹೇಳಿ.